ಮೇ ಮೂವತ್ತರೊಳಗೆ ತಲುಪಬೇಕಾದ ಕಾಗದ

ಕಿಲ್‌ಡೂನ್, ಡೊನೆಗಾಲ್
೯ ಫೆಬ್ರವರಿ ೨೦೨೫

ಪ್ರೀತಿಯ ದೈಗಾ,

ಇದನ್ನು ಬರೆಯದೆಯೇ ಬಿಟ್ಟುಬಿಡುವವಳಿದ್ದೆ: ನಿನ್ನ ಪತ್ರ ಓದಿ ಮುಗಿಸಿದಾಗ ನನಗೆ ಮೊದಲು ಬಂದದ್ದು ಕನಿಕರವಲ್ಲ, ಹೇಸಿಗೆ. ಅದೂ ನಿನ್ನ ಮೇಲೆ. ಹತ್ತು ನಿಮಿಷ ಕಳೆದ ಮೇಲೆ ಅದು ನನ್ನ ಕಡೆಗೆ ತಿರುಗಿತು, ನಿಜ. ಆದರೆ ಮೊದಲು ಬಂದದ್ದು ನಿನ್ನ ಮೇಲೆಯೇ. ಹದಿಮೂರು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದವರು ನಾವು. ಇಷ್ಟನ್ನಾದರೂ ಮುಚ್ಚಿಡಬಾರದು ಅನ್ನಿಸಿತು.

ನೀನು ಕೇಳಿರುವುದನ್ನು ನನ್ನ ಮಾತಿನಲ್ಲಿ ಒಮ್ಮೆ ಬರೆದು ನೋಡುತ್ತೇನೆ. ಸರಿಯಾಗಿ ತಿಳಿದುಕೊಂಡಿದ್ದೇನೋ ಇಲ್ಲವೋ ನೀನೇ ಹೇಳು. ರೈಟಿಸ್‌ಗೆ ಹತ್ತೊಂಬತ್ತು ತುಂಬಿದೆ. ಲಾಟ್ವಿಯಾದ ಸೇನೆಯಿಂದ ಕರೆ ಬಂದಿದೆ, ಜುಲೈನಿಂದ ಹನ್ನೊಂದು ತಿಂಗಳು. ಖಾಯಂ ಮನೆ ಹೊರದೇಶದಲ್ಲಿದ್ದವರನ್ನು ಅವರು ಬಿಟ್ಟುಬಿಡುತ್ತಾರೆ. ಆದ್ದರಿಂದ ನಿನ್ನ ಮಗ ಲುಡ್ಜಾದಲ್ಲಿ ನಿನ್ನ ಜೊತೆ ಇಲ್ಲ, ಇಲ್ಲಿ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಾನೆ, ನೀನು ಊರು ಬಿಟ್ಟ ಈ ಎರಡು ವರ್ಷವೂ ಇಲ್ಲೇ ಇದ್ದ ಎಂದು ನಾನು ಬರೆದುಕೊಡಬೇಕು. ನಾನು ಶಾಲೆಯ ಮುಖ್ಯ ಶಿಕ್ಷಕಿ. ಊರಿನ ಪೀಸ್ ಕಮಿಷನರ್ ಕೂಡ ನಾನೇ. ಜನರ ಸಹಿಗೆ ಸಾಕ್ಷಿ ಹಾಕು ಎಂದು ಸರ್ಕಾರವೇ ನೇಮಿಸಿದೆ. ನನ್ನ ಹೆಸರಿದ್ದರೆ ಯಾವ ಕಚೇರಿಯೂ ಎರಡನೆಯ ಸಲ ನೋಡುವುದಿಲ್ಲ.

ಹನ್ನೆರಡು ವರ್ಷದಿಂದ ಸಹಿ ಹಾಕುತ್ತಿದ್ದೇನೆ. ಪಾಸ್‌ಪೋರ್ಟಿನ ಭಾವಚಿತ್ರ, ಕಳೆದುಹೋದ ಲೈಸೆನ್ಸು, ಕುರಿ ಕಾಯುವವರ ಬಂದೂಕು. ಒಂದೂ ಸುಳ್ಳಲ್ಲ. ಅದೊಂದು ಹೆಮ್ಮೆಯೆಂದು ನಿನ್ನ ಪತ್ರ ಬರುವವರೆಗೆ ನನಗೆ ತಿಳಿದಿರಲಿಲ್ಲ. ನಾನು ಕಾಪಾಡುತ್ತಿರುವುದು ಸತ್ಯವನ್ನೋ ನನ್ನ ಕೈಬರಹವನ್ನೋ, ಅದೂ ಗೊತ್ತಾಗುತ್ತಿಲ್ಲ.

ಸ್ವಲ್ಪ ಸಮಯ ಕೊಡು. ಮುಂದಿನ ತಿಂಗಳು ಸಭಾಭವನದಲ್ಲಿ ಒಂದು ಕೂಟವಿದೆ. ನಮ್ಮ ಸೈನಿಕರು ದೇಶದ ಹೊರಗೆ ಹೋಗಬೇಕಾದರೆ ಸರ್ಕಾರ, ಸಂಸತ್ತು, ವಿಶ್ವಸಂಸ್ಥೆ ಹೀಗೆ ಮೂರು ಬೀಗ ತೆರೆಯಬೇಕಲ್ಲ, ಅದರಲ್ಲಿ ವಿಶ್ವಸಂಸ್ಥೆಯ ಬೀಗವನ್ನು ತೆಗೆದುಹಾಕಲು ಡಬ್ಲಿನ್ನಿನ ಸರ್ಕಾರ ಹೊರಟಿದೆ. ನಮ್ಮ ಶಾಂತಿ ಬಳಗದ ಪರವಾಗಿ ತಟಸ್ಥತೆಯ ಬಗ್ಗೆ ನಾನು ಮಾತಾಡಬೇಕು. ಅದು ಮುಗಿಯಲಿ, ಬರೆಯುತ್ತೇನೆ.

ನಿನ್ನ,
ಫಿನೂಲಾ


ಲುಡ್ಜಾ, ಲಾಟ್ವಿಯಾ
೨ ಮಾರ್ಚ್ ೨೦೨೫

ಫಿನೂಲಾ,

ನಿನ್ನ ಹೇಸಿಗೆ ತಲುಪಿತು. ದಾರಿಯಲ್ಲಿ ಒಂಬತ್ತು ದಿನ ಕಳೆದಿದ್ದರೂ ತಾಜಾ ಇತ್ತು.

ನನಗದು ಹೊಸದಲ್ಲ ಬಿಡು. ಹದಿಮೂರು ವರ್ಷ ನಿಮ್ಮ ಮೀನಿನ ಕಾರ್ಖಾನೆಯಲ್ಲಿ ಬಂಗುಡೆಯ ಕರುಳು ತೆಗೆದಿದ್ದೇನೆ. ಸಂಜೆ ಬಸ್ಸು ಹತ್ತಿದರೆ ಪಕ್ಕದವರು ಎದ್ದು ಹೋಗುತ್ತಿದ್ದರು, ಬಹಳ ವಿನಯದಿಂದ, ಕಿಟಕಿಯ ಆಚೆ ಏನೋ ಕಂಡವರ ಹಾಗೆ. ಬಾಯಿಬಿಟ್ಟು ಹೇಳಿದವಳು ನೀನೊಬ್ಬಳೇ. ಅದಕ್ಕೆ ಥ್ಯಾಂಕ್ಸ್.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಸಿಹಿಯಾಗಿ ಮಾತಾಡಿ ಏನನ್ನೂ ಹೇಳದೆ ಮುಗಿಸುತ್ತೀಯ. ಬರೆ. ಬರೆಯುವಾಗ ನಿನಗೆ ಸುಳ್ಳು ಹೇಳಲು ಕಷ್ಟ.

ಯುದ್ಧ ಹೂಡಿ ಕೂತಿರುವ ನೆರೆಯವರ ಗಡಿ ಇಲ್ಲಿಂದ ಮೂವತ್ತು ಕಿಲೋಮೀಟರು. ಗ್ರಂಥಾಲಯದ ಗೋಡೆಗೆ ನೆಲಮಾಳಿಗೆಯ ದಾರಿ ತೋರಿಸುವ ಬಾಣದ ಗುರುತು ಅಂಟಿಸಿದ್ದಾರೆ. ಅಮ್ಮನಿಗೆ ಎಂಬತ್ತೆರಡು. ಒಣಗಿಸಿದ ರೊಟ್ಟಿ, ಉಪ್ಪು, ಮನೆಯ ಪತ್ರ ತುಂಬಿದ ಚೀಲ ಬಾಗಿಲ ಬಳಿ ಇಟ್ಟುಕೊಂಡು ಮಲಗುತ್ತಾಳೆ. "ಇದೇನಮ್ಮಾ ಇದು?" ಅಂದರೆ, "ನೀನ್ ಹುಟ್ಟೋಕ್ ಮುಂಚೆನೂ ಇದೇ ಚೀಲ ಕಣೇ, ಹಿಡಿ ಮಾತ್ರ ಹೊಸದು" ಅನ್ನುತ್ತಾಳೆ.

ಆ ಗ್ರಂಥಾಲಯದಲ್ಲಿ ಕೂತು ನಮ್ಮಿಬ್ಬರ ದೇಶಗಳೂ ಸೇರಿರುವ ಒಕ್ಕೂಟದ ಒಪ್ಪಂದ ಓದಿದೆ. ಯಾವುದೇ ಸದಸ್ಯ ದೇಶದ ಮೇಲೆ ದಾಳಿಯಾದರೆ ಉಳಿದವರು ತಮ್ಮ ಕೈಲಾದ ಎಲ್ಲ ರೀತಿಯಲ್ಲೂ ನೆರವಾಗತಕ್ಕದ್ದು. ಎದೆ ತಂಪಾಯಿತು. ಅದರ ಮುಂದಿನ ವಾಕ್ಯ: ಕೆಲವು ದೇಶಗಳ ರಕ್ಷಣಾ ನೀತಿಯ ವಿಶೇಷ ಸ್ವರೂಪಕ್ಕೆ ಇದರಿಂದ ಧಕ್ಕೆಯಾಗತಕ್ಕದ್ದಲ್ಲ. ಈ 'ಕೆಲವು' ಅಂದರೆ ಯಾರು ಎಂದು ಗ್ರಂಥಪಾಲಕಿಯನ್ನು ಕೇಳಿದೆ. "ಹದಿಮೂರು ವರ್ಷ ಅಲ್ಲೇ ಇದ್ದು ಬಂದೋಳು ನೀನು, ನನ್ನ ಕೇಳ್ತೀಯಲ್ಲಮ್ಮ!" ಅಂದಳು. ನಮಗೆ ಅಟ್ಲಾಂಟಿಕ್ ಆಚೆಯವರೂ ಇರುವ ಬೇರೆ ಸೈನಿಕ ಕೂಟವೂ ಇದೆ, ಆದರೆ ಈಚೆಗೆ ಅವರ ಮಾತು ಕೇಳಿದರೆ ಅಮ್ಮ ರೇಡಿಯೋ ಆರಿಸುತ್ತಾಳೆ.

ನಿನ್ನ ದೇಶ ಒಂದು ಚೀಟಿ ಬರೆಸಿಕೊಂಡು ಹೊರಗೆ ಕೂತಿದೆ. ಐವತ್ತು ಲಕ್ಷ ಜನಕ್ಕೆ ಒಂದೇ ಚೀಟಿ. ನಾನು ನನ್ನ ಒಬ್ಬ ಮಗನಿಗೆ ಅಂಥದೇ ಚೀಟಿ ಕೇಳಿದರೆ ನಿನಗೆ ಹೇಸಿಗೆ. ನಾಲ್ಕು ವರ್ಷದವನಿದ್ದಾಗ ಬಂದು ಹದಿನೇಳರವರೆಗೆ ನಿಮ್ಮ ಮಳೆಯಲ್ಲಿ ನೆನೆದವನು. ಕನಸಿನಲ್ಲಿ ಈಗಲೂ ನಿಮ್ಮ ಭಾಷೆಯಲ್ಲೇ ಬೈಯುತ್ತಾನೆ.

ಕಾಗದ ಮೇ ಮೂವತ್ತರೊಳಗೆ ಇಲ್ಲಿಗೆ ತಲುಪಬೇಕು. ಆಮೇಲೆ ತಲುಪಿದರೆ ಒಲೆಗೆ ಆಗುತ್ತದೆ.

ದೈಗಾ


ಕಿಲ್‌ಡೂನ್
೨೪ ಮಾರ್ಚ್ ೨೦೨೫

ದೈಗಾ,

ಸಭೆ ಮುಗಿಯಿತು. ಅದರಿಂದಲೇ ಶುರುಮಾಡುತ್ತೇನೆ, ನಿನಗೆ ಬೇಕಾದ ಉತ್ತರ ಅದರೊಳಗೇ ಇದೆ.

ಎಂಬತ್ತು ಜನ ಸೇರಿದ್ದರು. ಅಧ್ಯಕ್ಷತೆ ನಮ್ಮ ಪಬ್ಬಿನ ಮ್ಯಾನಸ್‌ನದು. ನಿನಗೆ ಗೊತ್ತಲ್ಲ, ಮದ್ಯ ಮುಟ್ಟುವುದಿಲ್ಲವೆಂದು ಚರ್ಚಿನಲ್ಲಿ ಪ್ರತಿಜ್ಞೆ ಮಾಡಿದವರ ಬಿಲ್ಲೆ ಅವನ ಕೋಟಿನ ಮೇಲೆ ಯಾವಾಗಲೂ ಹೊಳೆಯುತ್ತಿರುತ್ತದೆ. ನಾನು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಶಾಂತಿಪಾಲನೆಗೆಂದು ಲೆಬನಾನಿಗೆ ಹೋಗಿದ್ದ ನಮ್ಮಪ್ಪನ ಕಥೆ ಹೇಳಿದೆ. "ನಮ್ಮ ಮಕ್ಕಳಲ್ಲಿ ಒಬ್ಬರೂ ಇನ್ನೊಬ್ಬರ ಯುದ್ಧಕ್ಕೆ ಹೋಗಬಾರದು" ಎಂದೆ. ಚಪ್ಪಾಳೆ ಬಿತ್ತು. ಅದು ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ನಮ್ಮಣ್ಣ ಫೆಲಿಮ್ ಎದ್ದುನಿಂತ. ದೋಣಿಯಿಂದ ನೇರವಾಗಿ ಬಂದಿದ್ದ, ಕಾಲಲ್ಲಿ ಬೂಟು ಹಾಗೇ ಇತ್ತು.

"ಟೀಚರಮ್ಮ, ಒಂದ್ ಸಣ್ಣ ಡೌಟು. ಹಾಗಾದ್ರೆ ಯಾರ್ ಮಕ್ಳು ಹೋಗ್ಬೇಕು?"

"ಯಾರೂ ಹೋಗ್ಬಾರ್ದು, ಫೆಲಿಮ್."

"ಆಹಾ! ಅದನ್ನ ಬಾಂಬ್ ಹಾಕೋರ್ಗೂ ಒಂದ್ ಮಾತ್ ಹೇಳ್ಬಿಡು, ಕೇಳ್ತಾರೆ. ಅಲ್ಲಮ್ಮ, ನಮ್ ಆಕಾಶಕ್ಕೆ ಗುರ್ತಿಲ್ಲದ ವಿಮಾನ ನುಗ್ಗಿದ್ರೆ ಓಡ್ಸೋಕೆ ಬರೋರ್ ಯಾರು? ಇಂಗ್ಲಿಷ್‌ನೋರು. ಎಲ್ರಿಗೂ ಗೊತ್ತು, ಯಾರೂ ಬಾಯ್ ಬಿಡಲ್ಲ. ಎಂಟ್ನೂರ್ ವರ್ಷ 'ತೊಲಗ್ರೋ ತೊಲಗ್ರೋ' ಅಂದು, ಈಗ ಅವ್ರ ಛತ್ರಿ ಕೆಳಗೇ ನಿಂತ್ಕೊಂಡು 'ನಾವ್ ಯಾರ್ ಕಡೆಗೂ ಇಲ್ಲ' ಅಂತೀವಿ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಕೋಲು ಪಕ್ಕದ ಮನೇದು ಬೇರೆ!"

"ಮೀನ್ ಹಿಡಿಯೋನ್ಗೆ ಇದೆಲ್ಲ ಯಾಕಪ್ಪಾ?" ಅಂದ ಮ್ಯಾನಸ್. "ಕೂತ್ಕೋ, ಟೀ ಆರೋಗತ್ತೆ."

"ನೀನ್ ಮಾತಾಡ್ಬೇಡ ಮಾರಾಯ. ನಲವತ್ ವರ್ಷದಿಂದ ಒಂದ್ ತೊಟ್ಟು ಮುಟ್ಟಿಲ್ಲ ಅಂತ ಬಿಲ್ಲೆ ಹಾಕ್ಕೊಂಡಿದೀಯ. ಊರ್‌ಗೆಲ್ಲ ಬಗ್ಗಿಸಿ ಕೊಟ್ಟೋನು ಯಾರು, ನಮ್ಮಜ್ಜಿನಾ? ನಮ್ ದೇಶದ ತಟಸ್ಥತೆ ಥೇಟ್ ನಿನ್ ಬಿಲ್ಲೆ."

ಎಲ್ಲರೂ ನಕ್ಕರು. ಮ್ಯಾನಸ್ ಎಲ್ಲರಿಗಿಂತ ಜೋರಾಗಿ ನಕ್ಕ. ಯಾರಿಗೂ ನೋವಾಗಲಿಲ್ಲ. ದೈಗಾ, ನನಗೆ ನಮ್ಮ ಮೇಲೆಯೇ ಹೇಸಿಗೆ ಬಂದದ್ದು ಆಗಲೇ. ನಿಜ ಹೇಳಿದರೂ ನಮ್ಮ ಮೈಗೆ ತಾಗುವುದಿಲ್ಲ. ಒಳ್ಳೆಯ ಜೋಕು ಎಂದು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತೇವೆ. ಆಮೇಲೆ ಮೂರು ಬೀಗವೂ ಹಾಗೇ ಇರಲಿ ಎಂಬ ನಿರ್ಣಯಕ್ಕೆ ಕೈ ಎತ್ತಿ ಅಂದರು. ಎಂಬತ್ತು ಕೈ ಮೇಲೆ ಹೋದವು. ಫೆಲಿಮ್‌ನದೂ ಇತ್ತು. ಹೊರಗೆ ಬಂದ ಮೇಲೆ ಕೇಳಿದೆ. ಮುಖ ಆ ಕಡೆ ತಿರುಗಿಸಿ, "ಮನೇಲಿ ಇಬ್ರು ಗಂಡ್ಮಕ್ಳಿದಾರೆ ಕಣೆ, ಏನ್ ಮಾಡ್ಲಿ" ಅಂದ.

ನಿನಗೆ ಮುಖ್ಯವಾದದ್ದು ಇನ್ನೂ ಬಾಕಿಯಿದೆ. ಅಂಚೆ ಕಚೇರಿ ನಡೆಸುವ ಮುದುಕಿ ಬ್ರೀಜ್ ತಟ್ಟೆ ಹಿಡಿದು ಬಂದಳು. "ನಿನ್ ಪಕ್ಕದ ಮನೆ ಲಾಟ್ವಿಯಾ ಹುಡ್ಗ, ನಮ್ ಟೀಮಲ್ಲಿ ಆಡ್ತಿದ್ನಲ್ಲ, ಹೇಗಿದಾನೆ?"

"ಸೈನ್ಯಕ್ಕೆ ಕರೆದಿದಾರೆ."

"ಅಯ್ಯೋ ಪಾಪ. ಬಂಗಾರದಂಥ ಹುಡ್ಗ. ಮೊಟ್ಟೆ ಸ್ಯಾಂಡ್‌ವಿಚ್ ತಗೊಳ್ಳಮ್ಮ, ಉಳಿದ್ರೆ ಹಾಳು."

ತಗೊಂಡೆ. ತಿಂದೆ. ಹತ್ತು ನಿಮಿಷದ ಹಿಂದೆ 'ನಮ್ಮ ಮಕ್ಕಳು' ಅಂದಿದ್ದೆನಲ್ಲ, ಆ ಮಾತು ಬಾಯಿಂದ ಹೊರಟಾಗ ನಿನ್ನ ಮಗ ಅದರೊಳಗೆ ಇರಲಿಲ್ಲ. ನಾನೇ ಅಕ್ಷರ ಕಲಿಸಿದ ಹುಡುಗ. ಅವನು ಹೊರಗಿದ್ದಾನೆಂದು ಮೊಟ್ಟೆ ಅಗಿಯುವಾಗ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಕಾಗದ ಬರೆದು ಸಹಿ ಹಾಕಿದೆ. ಸುಳ್ಳು ಬರೆಯುವುದು ಇಷ್ಟು ಸಲೀಸೆಂದು ತಿಳಿದಿರಲಿಲ್ಲ. ಹೊರದೇಶಕ್ಕೆ ಹೋಗುವ ಕಾಗದಕ್ಕೆ ಡಬ್ಲಿನ್ನಿನ ಮುದ್ರೆ ಬೇಕು, ಅದಕ್ಕೆ ಕಳಿಸಿದ್ದೇನೆ. ಈಸ್ಟರ್ ಹೊತ್ತಿಗೆ ವಾಪಸು ಬರುತ್ತದೆ. ಬಂದ ಕೂಡಲೇ ನಿನಗೆ.

ಫಿನೂಲಾ


ಲುಡ್ಜಾ
೨ ಏಪ್ರಿಲ್ ೨೦೨೫

ಮಿಸ್,

ಕ್ಷಮಿಸಿ, ಹೆಸರು ಹಿಡಿದು ಕರೆಯಲು ಬರುವುದಿಲ್ಲ. ನಾನು ಬರೆದದ್ದು ಅಮ್ಮನಿಗೆ ಗೊತ್ತಿಲ್ಲ. ಉತ್ತರವನ್ನು ಲಕೋಟೆಯ ಮೇಲಿರುವ ಗ್ಯಾರೇಜಿನ ವಿಳಾಸಕ್ಕೆ ಕಳಿಸಿ, ಅಲ್ಲಿ ಕೆಲಸ ಮಾಡುತ್ತೇನೆ.

ನೀವು ಸಹಿ ಹಾಕಿದ್ದೀರಂತೆ. ಅಮ್ಮ ನಿಮ್ಮ ಪತ್ರವನ್ನು ಅಜ್ಜಿಗೆ ಓದಿ ಹೇಳಿ ಅತ್ತಳು. ದಯವಿಟ್ಟು ಕಳಿಸಬೇಡಿ.

ನನಗೆ ಕರೆ ಬಂದಿಲ್ಲ ಮಿಸ್. ನಾನೇ ಹೋಗಿ ಹೆಸರು ಕೊಟ್ಟೆ, ಜನವರಿಯಲ್ಲಿ. ಸೇನೆಯ ಲಕೋಟೆ ಮನೆಗೆ ಬಂದಾಗ ಅಮ್ಮ ಒಡೆದಳು, ಕರೆ ಬಂದಿದೆ ಅಂದುಕೊಂಡಳು. ಆಗ ಹೇಳಬೇಕಿತ್ತು. ಅವಳು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು, ನನ್ನಿಂದ ಆಗಲಿಲ್ಲ.

ನನಗೆ ಈ ಚೀಟಿಯ ವ್ಯವಹಾರ ಅಸಹ್ಯ. ನಮ್ಮ ಕಟ್ಟಡದಲ್ಲಿ ಒಬ್ಬನಿಗೆ ಅವನಪ್ಪ ಬೆನ್ನುನೋವಿನ ಚೀಟಿ ಮಾಡಿಸಿದ್ದಾನೆ. ಅವನು ಈಗ ಮೆಟ್ಟಿಲು ಹತ್ತುವಾಗಲೆಲ್ಲ ಸೊಂಟ ಹಿಡಿದುಕೊಳ್ಳುತ್ತಾನೆ, ಯಾರೂ ನೋಡದಿದ್ದಾಗಲೂ. ನಾನು ಕಿಲ್‌ಡೂನ್ ತಂಡದಲ್ಲಿ ಆರು ವರ್ಷ ಬದಲಿ ಆಟಗಾರನಾಗಿ ಬೆಂಚಿನ ಮೇಲೆ ಕೂತಿದ್ದೆ. ಮಳೆಯಲ್ಲಿ ಕೂತು ಚಪ್ಪಾಳೆ ತಟ್ಟುವುದು ಹೇಗೆಂದು ನನಗೆ ಗೊತ್ತು. ಸಾಕು.

ಕಾಗದ ಬಂದರೆ ಅಮ್ಮ ಅದನ್ನು ಕೈಯಲ್ಲಿ ಹಿಡಿದು ನನ್ನ ಮುಂದೆ ನಿಲ್ಲುತ್ತಾಳೆ. ಆಗ ನಾನು ಇಲ್ಲ ಅನ್ನಲಾರೆ, ಹೆಸರು ವಾಪಸು ತಗೊಳ್ಳುತ್ತೇನೆ. ಆದ್ದರಿಂದ ನೀವೇ ಆಗುವುದಿಲ್ಲ ಎಂದು ಬರೆದುಬಿಡಿ. ಅವಳ ಸಿಟ್ಟು ನಿಮ್ಮ ಮೇಲೆ ಬರಲಿ. ನಾನು ಜುಲೈವರೆಗೆ ಅದೇ ಮನೆಯಲ್ಲಿ ಊಟ ಮಾಡಬೇಕು. ನಿಮಗೆ ದೂರವಾದರೂ ಇದೆ.

ಇನ್ನೊಂದು ಕೇಳಬೇಕೆಂದಿದ್ದೆ. ನಿಜವಾಗಿ ಏನಾದರೂ ಆದರೆ, ನೀವು ಬರುತ್ತೀರಾ ಮಿಸ್? ನೀವಲ್ಲ. ನಿಮ್ಮವರು.

ರೈಟಿಸ್


ಕಿಲ್‌ಡೂನ್
೧೩ ಏಪ್ರಿಲ್ ೨೦೨೫

ಪ್ರೀತಿಯ ರೈಟಿಸ್,

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇಲ್ಲ. ನಾವು ಬರುವುದಿಲ್ಲ. ಕಂಬಳಿ ಕಳಿಸುತ್ತೇವೆ, ಔಷಧಿ ಕಳಿಸುತ್ತೇವೆ, ಬಹಳ ಒಳ್ಳೆಯ ಭಾಷೆಯಲ್ಲಿ ಹೇಳಿಕೆ ಕೊಡುತ್ತೇವೆ. ನಿನ್ನ ಅಮ್ಮನನ್ನೂ ಅಜ್ಜಿಯನ್ನೂ ಒಳಗೆ ಬಿಟ್ಟುಕೊಂಡು ಟೀ ಕೊಡುತ್ತೇವೆ. ಅದು ಸಣ್ಣದಲ್ಲ ಎಂದು ನಾನು ಇಪ್ಪತ್ತು ವರ್ಷ ವಾದಿಸಿದ್ದೇನೆ, ಈಗಲೂ ವಾದಿಸಬಲ್ಲೆ. ಆದರೆ ನೀನು ಕೇಳಿದ್ದು ಅದಲ್ಲ.

ನಿನ್ನ ಪತ್ರ ಓದಿ ನನಗೆ ಹಗುರವಾಯಿತು. ಆ ಹಗುರವನ್ನು ನಾನು ನಂಬುವುದಿಲ್ಲ. ಸುಳ್ಳು ಕಾಗದ ಕಳಿಸಬೇಕಾಗಿಲ್ಲ, ಹುಡುಗನೇ ಬೇಡವೆಂದ, ನನ್ನ ಕೈ ಮತ್ತೆ ಸ್ವಚ್ಛ. ಇಷ್ಟು ಅನುಕೂಲವಾಗಿ ಬಂದ ಸತ್ಯವನ್ನು ತಿರುಗಿಸಿ ಮುರುಗಿಸಿ ನೋಡಬೇಕು. ನೀನು ಹೋಗುತ್ತಿರುವುದು ನಿನಗಾಗಿಯೋ, ಮೆಟ್ಟಿಲ ಮೇಲಿನ ಹುಡುಗನ ಹಾಗೆ ಕಾಣಬಾರದೆಂದೋ? ಸೊಂಟ ಹಿಡಿದುಕೊಂಡು ಎಂಬತ್ತು ವರ್ಷ ಬದುಕುವುದು ಅಷ್ಟು ಕೆಟ್ಟದ್ದೇನಲ್ಲ. ನೀನು ಬದುಕಿರಬೇಕು ಎಂಬ ಆಸೆಯ ಮುಂದೆ ನನ್ನ ಬೇರೆ ಯಾವ ಅಭಿಪ್ರಾಯವೂ ನಿಲ್ಲುವುದಿಲ್ಲ.

ಅಮ್ಮನಿಗೆ ನೀನೇ ಹೇಳು. ಇದು ನಿನ್ನ ಶಿಕ್ಷಕಿಯ ಮಾತು. ಮೇ ಒಂದರವರೆಗೆ ಕಾಯುತ್ತೇನೆ. ಹೇಳಿದರೆ ಒಂದು ಸಾಲು ಬರೆ.

ಹೇಳದಿದ್ದರೆ ಏನು ಮಾಡುತ್ತೇನೋ ನನಗೆ ಗೊತ್ತಿಲ್ಲ. ನಿಮ್ಮಿಬ್ಬರ ನಡುವೆ ನಿಂತು ಯಾರ ಕಡೆಗೂ ಇಲ್ಲ ಅನ್ನುವುದಕ್ಕೆ ಜಾಗವಿದೆಯೇ ಎಂದು ಎರಡು ದಿನದಿಂದ ಹುಡುಕುತ್ತಿದ್ದೇನೆ.

ಫಿನೂಲಾ


ಲುಡ್ಜಾ
೨೪ ಏಪ್ರಿಲ್ ೨೦೨೫

ಫಿನೂಲಾ, ನನ್ನ ಚಿನ್ನ,

ಹಬ್ಬ ಮುಗಿಯಿತು, ಕಾಗದ ಬರಲಿಲ್ಲ. ಡಬ್ಲಿನ್ನಿನವರು ರಜೆಯಲ್ಲಿದ್ದರೇನೋ. ಅವಸರವಿಲ್ಲ, ಇನ್ನೂ ದಿನಗಳಿವೆ. ಸುಮ್ಮನೆ ನೆನಪಿಸಿದೆ.

ಮಾರ್ಚಿನಲ್ಲಿ ಕಟುವಾಗಿ ಬರೆದೆ. ಕರುಳು ತೆಗೆಯುವ ಚಾಕು ಇನ್ನೂ ಕೈಯಲ್ಲೇ ಇದೆ ಅಂತ ಕಾಣುತ್ತದೆ. ನೀನು ಸಹಿ ಹಾಕಿದೆ ಎಂದು ಓದಿದ ದಿನ ಎರಡು ವರ್ಷದಲ್ಲಿ ಮೊದಲ ಸಲ ಮಧ್ಯಾಹ್ನ ನಿದ್ದೆ ಮಾಡಿದೆ. ಅಮ್ಮ ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿದ ಹಬ್ಬದ ಮೊಟ್ಟೆಯಲ್ಲಿ ಒಂದನ್ನು ನಿನ್ನ ಹೆಸರಿಗೆ ತೆಗೆದಿಟ್ಟಿದ್ದಾಳೆ. ವಾಸನೆ ಬಂದಿದೆ, ಎಸೆಯಲು ಬಿಡುವುದಿಲ್ಲ.

ರೈಟಿಸ್ ಈ ವಾರ ಬಹಳ ಒಳ್ಳೆಯವನಾಗಿದ್ದಾನೆ. ಪಾತ್ರೆ ತೊಳೆಯುತ್ತಾನೆ. ಮೊನ್ನೆ ನನ್ನ ಎದುರು ಕೂತು "ಅಮ್ಮಾ" ಅಂದ. "ಏನೋ?" ಅಂದೆ. "ಏನಿಲ್ಲ, ಸೂಪ್ ಚೆನ್ನಾಗಿದೆ" ಅಂದ. ಸೂಪ್ ಸುಟ್ಟಿತ್ತು.

ಜೂನ್ ಹದಿನಾಲ್ಕಕ್ಕೆ ರೀಗಾದಿಂದ ಡಬ್ಲಿನ್ನಿಗೆ ಟಿಕೆಟ್ ತೆಗೆದಿದ್ದೇನೆ, ಒಬ್ಬನಿಗೆ. ಅವನಿಗೆ ಇನ್ನೂ ಹೇಳಿಲ್ಲ. ಹಿಂದಿನ ಕೋಣೆಯ ಕಿಟಕಿ ಈಗಲಾದರೂ ಮುಚ್ಚುತ್ತದೆಯೇ?

ನಿನ್ನ ದೈಗಾ


ಕಿಲ್‌ಡೂನ್
ಭಾನುವಾರ, ೪ ಮೇ ೨೦೨೫

ದೈಗಾ,

ಕಾಗದ ಬರುವುದಿಲ್ಲ. ಡಬ್ಲಿನ್ನಿನವರು ತಡಮಾಡಲಿಲ್ಲ. ಈಸ್ಟರಿಗೆ ಮೂರು ದಿನ ಮೊದಲೇ ಮುದ್ರೆ ಬಿದ್ದು ನನ್ನ ಕೈ ಸೇರಿತ್ತು. ಅದನ್ನು ನಿನ್ನೆ ಹರಿದೆ. ನಿನ್ನ ಪತ್ರ ಓದಿದ ಮೇಲೆ ಹರಿದೆ, ಮೊದಲಲ್ಲ. ಮೊಟ್ಟೆಯ ವಿಷಯವೂ ಟಿಕೆಟಿನ ವಿಷಯವೂ ಗೊತ್ತಿದ್ದು ಹರಿದೆ.

ಯಾಕೆಂದು ಕೇಳುತ್ತೀಯ. ನಾಲ್ಕು ಕಾರಣ ಬರೆದು ನೋಡಿದೆ. ಒಂದರಲ್ಲಿ ನಾನು ಸತ್ಯವಂತಳಾಗಿ ಕಾಣುತ್ತೇನೆ, ಒಂದರಲ್ಲಿ ಕಾನೂನಿಗೆ ಹೆದರಿದವಳಾಗಿ, ಇನ್ನೆರಡರಲ್ಲಿ ನಿನ್ನ ಒಳ್ಳೆಯದನ್ನೇ ಬಯಸಿದವಳಾಗಿ. ಎಲ್ಲವೂ ಸಭಾಭವನದಲ್ಲಿ ಚಪ್ಪಾಳೆ ಗಿಟ್ಟಿಸುವಂತಿದ್ದವು. ಓದಿ ಹೇಸಿಗೆಯಾಯಿತು. ಆದ್ದರಿಂದ ಕಾರಣ ಕೊಡುವುದಿಲ್ಲ. ಕಳಿಸಲು ಆಗುತ್ತಿತ್ತು, ಕಳಿಸುವುದಿಲ್ಲ ಅಂದೆ. ಇಷ್ಟೇ.

ನೀನು ನನ್ನನ್ನು ಏನು ಅಂದರೂ ಅದು ಸರಿಯಾಗಿಯೇ ಇರುತ್ತದೆ. ಒಂದು ಮಾತ್ರ ಕೇಳಿಕೊಳ್ಳುತ್ತೇನೆ. ಸಿಟ್ಟನ್ನು ಪೂರ್ತಿ ಇಲ್ಲಿಗೇ ಕಳಿಸು. ಚೂರೂ ಮನೆಯಲ್ಲಿ ಇಟ್ಟುಕೊಳ್ಳಬೇಡ. ಪುಟಗಟ್ಟಲೆ ಬರೆ, ನಾನು ಓದುತ್ತೇನೆ, ಅರ್ಧಕ್ಕೆ ಬಿಡುವುದಿಲ್ಲ. ಸುಟ್ಟ ಸೂಪನ್ನು ಚೆನ್ನಾಗಿದೆ ಅಂದವನ ಎದುರು ಕೂತು ಊಟ ಮಾಡು. ಅವನಿಗೆ ಹೇಳುವುದಕ್ಕೆ ಏನಾದರೂ ಇದ್ದರೆ ಹೇಳಲು ಬಿಡು.

ಶಾಂತಿ ಬಳಗದಿಂದ ನನ್ನ ಹೆಸರು ತೆಗೆಸಿದ್ದೇನೆ. ನಂಬಿಕೆ ಹೋಯಿತೆಂದಲ್ಲ, ಅದು ನನಗಿನ್ನೂ ಗೊತ್ತಿಲ್ಲ. ಆ ವೇದಿಕೆಯ ಮೇಲೆ 'ನಮ್ಮ ಮಕ್ಕಳು' ಅನ್ನಲು ನಾಲಿಗೆ ಹೊರಳುವುದಿಲ್ಲ. ಮ್ಯಾನಸ್ "ಬಿಡಮ್ಮ, ಒಂದ್ ವಾರ ರೆಸ್ಟ್ ತಗೋ, ಸರಿಹೋಗತ್ತೆ" ಅಂದ.

ಈ ಪತ್ರವನ್ನು ತಿಂಗಳ ಕೊನೆಯವರೆಗೆ ಕಪಾಟಿನಲ್ಲಿಟ್ಟು ಸುಮ್ಮನಿದ್ದುಬಿಡಬಹುದಿತ್ತು. ದಿನ ತಾನಾಗಿ ಮೀರುತ್ತಿತ್ತು. ಅಂಚೆಯ ಮೇಲೆ ಹಾಕಬಹುದಿತ್ತು. ಇಲ್ಲ ಅನ್ನದೆಯೇ ಇಲ್ಲವಾಗುತ್ತಿತ್ತು, ನಾವು ಗೆಳತಿಯರಾಗಿಯೇ ಉಳಿಯುತ್ತಿದ್ದೆವು. ಇಲ್ಲಿ ಎಲ್ಲವನ್ನೂ ಹಾಗೆಯೇ ಮಾಡುತ್ತೇವೆ, ನನಗೆ ಚೆನ್ನಾಗಿ ಬರುತ್ತದೆ. ಈಗ ಹೊರಟರೆ ಹದಿನೈದರೊಳಗೆ ನಿನ್ನ ಕೈ ಸೇರುತ್ತದೆ. ಬೇರೆ ಯಾರನ್ನಾದರೂ ಕೇಳುವುದಕ್ಕೆ ನಿನಗೆ ಎರಡು ವಾರ ಉಳಿಯುತ್ತದೆ. ಕೇಳಬೇಡ ಎಂದು ಹೇಳುವ ಹಕ್ಕು ನನಗಿಲ್ಲ.

ಫಿನೂಲಾ

ನಾಳೆ ಸರ್ಕಾರಿ ರಜೆ, ಬ್ರೀಜ್ ಬಾಗಿಲು ತೆರೆಯುವುದಿಲ್ಲ. ಅಂಚೆಗೆ ಹಾಕುವುದು ಮಂಗಳವಾರ, ಮೇ ಆರು.